ಅಪ್ರೆಂಟಿಸ್ ತಗೊಳ್ಳುವ ಮುಂಚೆ ನಿಮ್ಮ ಟರ್ನರ್ ಜೊತೆ ಮಾತಾಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಪಂಪ್ ಶಾಫ್ಟ್, ಬುಷ್, ಇಂಥ ಯಂತ್ರದ ಬಿಡಿಭಾಗಗಳ ಕೆಲಸ. ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿದ್ದರೆ ಅಪ್ರೆಂಟಿಸ್, ಅಂದರೆ ಕೆಲಸ ಕಲಿಯಲು ಬರುವವರನ್ನು, ತಗೊಳ್ಳುವುದು ಕಡ್ಡಾಯ. ಗುತ್ತಿಗೆಯವರೂ ಆ ಲೆಕ್ಕಕ್ಕೆ ಬರುತ್ತಾರೆ. 4ರಿಂದ 29 ಜನ ಇರುವ ನಮ್ಮಂಥವರಿಗೆ ಅದು ನಮ್ಮಿಷ್ಟ. ನಾನು ತಗೊಂಡದ್ದು ಕಾನೂನಿಗೆ ಹೆದರಿ ಅಲ್ಲ, ಒಳ್ಳೆಯ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ತಿರುಗಿಸಿ ಕಡೆಯುವವರು, ಸಿಗುತ್ತಿರಲಿಲ್ಲ ಅಂತ. ಸಿಕ್ಕವರೂ ಕೆಲಸ ಕೈಗೆ ಹತ್ತುತ್ತಲೇ ಪುಣೆ ಬಸ್ಸು ಹತ್ತುತ್ತಿದ್ದರು.

ಕಾಗದಪತ್ರಕ್ಕೆ ಜನ ಸುಮ್ನೆ ಹೆದರುತ್ತಾರೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ, ಟ್ರೇಡ್ (ಕಲಿಯುವ ಕಸುಬು) ಆಯ್ಕೆ, ಹುಡುಗನ ಜೊತೆ ಒಪ್ಪಂದ, ಅಷ್ಟೇ. ಐಟಿಐ ಪಾಸಾದವನಿಗೆ 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 7000 ರೂಪಾಯಿ ಸ್ಟೈಪೆಂಡ್. ಅದರಲ್ಲಿ ಶೇ 25, ಗರಿಷ್ಠ 1500 ರೂಪಾಯಿಯವರೆಗೆ, ಸರ್ಕಾರ ನೇರವಾಗಿ ಹುಡುಗನ ಖಾತೆಗೆ ಹಾಕುತ್ತದೆ. ಪಿಎಫ್, ಇಎಸ್‌ಐ ಇಲ್ಲ. ಆದರೆ ಕೈಗೆ ಪೆಟ್ಟಾದರೆ ಪರಿಹಾರದ ಹೊಣೆ ನಮ್ಮದೇ. ಅದಕ್ಕೇ ನಾನು ಬೇರೆ ಅಪಘಾತ ವಿಮೆ ಮಾಡಿಸಿದ್ದೇನೆ.

ನಿಜವಾದ ತೊಡಕು ಇದ್ದದ್ದು ಲೇತ್ ಮುಂದೆ. ನಮ್ಮ ಹಿರಿಯ ಟರ್ನರ್‌ಗೆ ವಿಷಯ ಹೇಳಿದಾಗ ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: "ಸಾಹೇಬ್ರ, ಅವಂಗ ಕಲಸ್ಕೋತ ನಿಂತ್ರ ನನ್ನ ಪೀಸ್ ಯಾರ್ ತಗೀತಾರ್ರಿ?" ನ್ಯಾಯವಾದ ಪ್ರಶ್ನೆ ಅಲ್ವಾ? ಅವರಿಗೆ ಇನ್ಸೆಂಟಿವ್ ಬರುವುದು ಪೀಸಿನ ಲೆಕ್ಕದ ಮೇಲೆ. ಕಲಿಸಿದಷ್ಟೂ ಅವರ ಜೇಬಿಗೇ ಕತ್ತರಿ. ಹುಡುಗ ಬರುವ ಮೊದಲೇ ಇದನ್ನು ಬಗೆಹರಿಸಿದೆ. ಅವರ ಟಾರ್ಗೆಟ್ ಇಳಿಸಿದೆ, ಇನ್ಸೆಂಟಿವ್ ಹಾಗೇ ಉಳಿಸಿ, ಕಲಿಸುವುದಕ್ಕೆ ಅಂತ ತಿಂಗಳಿಗೊಂದು ಮೊತ್ತ ಸೇರಿಸಿದೆ. ಸ್ಟೈಪೆಂಡ್‌ಗಿಂತ ಈ ಖರ್ಚು ಮುಖ್ಯ ಅನ್ನುವುದು ನನ್ನ ಲೆಕ್ಕ. ಇದನ್ನು ಉಳಿಸಲು ಹೋದರೆ ಹುಡುಗನ ಕೈಗೆ ಸಿಗುವುದು ಪೊರಕೆ, ಚಹಾದ ಕೆಟಲ್.

ಶುರುವಿನ ವಾರಗಳಲ್ಲಿ ಲೇತ್ ಚಾಲೂ ಮಾಡಲು ಬಿಡುವುದಿಲ್ಲ. ಬರೀ ಅಳತೆ. ಐಟಿಐಯಲ್ಲಿ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಹಿಡಿದಿರುತ್ತಾರೆ, ಆದರೆ ಅದರ ತಿರುಗುವ ಹಿಡಿ ಥಿಂಬಲ್ಲನ್ನೇ ನಲ್ಲಿಯ ಹಾಗೆ ಬಿಗಿಯುತ್ತಾರೆ. 24.98 ಮಿ.ಮೀ. ಇರುವ ಶಾಫ್ಟ್ 24.96 ತೋರಿಸುತ್ತದೆ, ಒಳ್ಳೆಯ ಪೀಸು ರಿಜೆಕ್ಟ್ ಆಗುತ್ತದೆ. ಮೈಕ್ರೋಮೀಟರಿನ ಹಿಂತುದಿಯ ರ‍್ಯಾಚೆಟ್ ತಿರುಗಿಸಿ, ಟಕ್ ಟಕ್ ಅಂದ ಮೇಲೆ ನಿಲ್ಲಿಸಬೇಕು. ನಮ್ಮ ಟರ್ನರ್ ಒಂದೇ ಶಾಫ್ಟನ್ನು ತಾವೂ ಅಳೆದು, ಹುಡುಗನ ಕೈಲೂ ಅಳೆಸಿ, ಎರಡೂ ಅಂಕಿಗಳನ್ನು ವಹಿಯಲ್ಲಿ ಬರೆಸುತ್ತಾರೆ. ಎರಡೂ ಅಂಕಿ ದಿನಾಲೂ ತಾಳೆಯಾಗತೊಡಗಿದ ಮೇಲೆಯೇ ಲೇತ್.

ಸುರಕ್ಷತೆಯಲ್ಲಿ ಎರಡು ಮಾತಿಗೆ ರಿಯಾಯಿತಿಯೇ ಇಲ್ಲ. ತಿರುಗುವ ಲೇತ್ ಮೇಲೆ ಕೈಗವಸು ಹಾಕಬಾರದು, ಬಟ್ಟೆ ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಪೀಸು ಹಿಡಿಯುವ ಚಕ್ ಬಿಗಿಯುವ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆಯಬಾರದು. ಬಿಟ್ಟದ್ದು ಕಂಡರೆ ಆ ದಿನ ಅವನು ಲೇತ್ ಮುಟ್ಟುವಂತಿಲ್ಲ.

ಅರ್ಜೆಂಟ್ ಆರ್ಡರ್ ಬಂದಾಗ "ಹುಡುಗನನ್ನೂ ಓಟಿಗೆ ನಿಲ್ಲಿಸೋಣ" ಅಂತ ಸೂಪರ್‌ವೈಸರ್ ಕೇಳುತ್ತಾರೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಸರ್ಕಾರದ ಅಧಿಕಾರಿ) ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ನಾನು ಆ ಒಪ್ಪಿಗೆ ಕೇಳಲೂ ಹೋಗುವುದಿಲ್ಲ.

ವರ್ಷ ಮುಗಿದ ಮೇಲೆ ಪರೀಕ್ಷೆ, ರಾಷ್ಟ್ರೀಯ ಪ್ರಮಾಣಪತ್ರ. ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಕೆಲಸ ಕೊಡಲೇಬೇಕು ಅಂತ ನಮಗೂ ಇಲ್ಲ, ಇಲ್ಲೇ ಉಳಿಯಬೇಕು ಅಂತ ಅವನಿಗೂ ಇಲ್ಲ. ಬೇಕಾದ ಹುಡುಗನಿಗೆ ಸಂಬಳ ಎಷ್ಟು ಕೊಡುತ್ತೇನೆ ಅಂತ ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ಪಕ್ಕದ ಶೆಡ್ಡಿನವರು ಹೇಳಿರುತ್ತಾರೆ.