‘ಪೇಶಂಟಿಗೆ ನೀವು ಏನಾಗಬೇಕ್ರೀ?’

ಮಾಸ್ತರಿಗೆ ಎದೆನೋವು ಬಂದ ರಾತ್ರಿ ಆಸ್ಪತ್ರೆ ಕೌಂಟರಿನ ಹುಡುಗ ಫಾರ್ಮು ತುಂಬುತ್ತ ಕೇಳಿದ ಪ್ರಶ್ನೆ ಇದು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ರೊಟ್ಟಿ ತಿಂದಿದ್ದೇವೆ, ಆದರೂ ಬಾಯಿಗೆ ಉತ್ತರ ಬರಲಿಲ್ಲ. ಪುಣೆಯಲ್ಲಿರುವ ಅವರ ಮಗ ಫೋನಿನಲ್ಲಿ ‘ಹೂಂ’ ಅಂದ ಮೇಲೇ ನನ್ನ ಸಹಿ ತಗೊಂಡರು.

ನಾನು ವಿಧವೆ, ಅವರು ವಿಧುರರು. ಮದುವೆಯಾದರೆ ನನ್ನ ಕುಟುಂಬ ಪಿಂಚಣಿ ನಿಲ್ಲುತ್ತಿತ್ತು, ಆಗಲಿಲ್ಲ. ಜನ ಏನೇನೋ ಅಂದರು, ಬಿಡ್ರಿ.

ಡಿಸ್ಚಾರ್ಜ್ ಆದ ಮೇಲೆ ವಕೀಲರ ಹತ್ತಿರ ಹೋದೆವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ನನ್ನಂಥವಳಿಗೆ ಜಾಗವೇ ಇಲ್ಲವಂತೆ. ‘ಬ್ಯಾಂಕಿನಾಗ ಈಕೀನ್ನ ನಾಮಿನಿ ಮಾಡೀನಲ್ರಿ’ ಅಂದರು ಮಾಸ್ತರು. ವಕೀಲರು ನಕ್ಕರು: ‘ನಾಮಿನಿ ಅಂದ್ರ ರೊಕ್ಕ ಇಸಗೊಳ್ಳಾವ್ರು, ಮಾಲಕರಲ್ಲ. ವಾರಸುದಾರ ಬಂದು ಕೇಳಿದ್ರ ಕೊಡಬೇಕಾಕ್ಕೈತಿ.’ ನಮ್ಮ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ವಟಮುಖತ್ಯಾರ ಪತ್ರವೂ (ಪವರ್ ಆಫ್ ಅಟಾರ್ನಿ) ಅಷ್ಟೇ, ಬರೆದುಕೊಟ್ಟವರು ತೀರಿದ ದಿನವೇ ಅದೂ ತೀರಿತು.

ಉಳಿದದ್ದು ಮೃತ್ಯುಪತ್ರ. ನಮ್ಮ ನವನಗರದ ಪ್ಲಾಟು ಆಲಮಟ್ಟಿ ಹಿನ್ನೀರಿಗೆ ಹೋದ ಮನೆಯ ಬದಲಿಗೆ ಸಿಕ್ಕದ್ದು. ಮುಳುಗಿದ ಮನೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ವಕೀಲರು ಮೂರು ಸಲ ಕೇಳಿದರು. ಪಿತ್ರಾರ್ಜಿತವಾಗಿದ್ದರೆ ಮಾಸ್ತರು ತಮ್ಮ ಪಾಲನ್ನಷ್ಟೇ ಬರೆಯಬಹುದಿತ್ತು. ಅದು ಅವರೇ ಪಗಾರದಲ್ಲಿ ಕೊಂಡಿದ್ದ ಮನೆ, ಪುಣ್ಯಕ್ಕೆ ಖರೀದಿಪತ್ರ ಸಿಕ್ಕಿತು. ಬದುಕಿರುವ ತನಕ ನನಗೆ ವಾಸದ ಹಕ್ಕು, ಆಮೇಲೆ ಮನೆ ಮಗನಿಗೆ ಎಂದು ಬರೆದರು. ಪೂರ್ತಿ ನನ್ನ ಹೆಸರಿಗೇ ಬರೆಯಲು ಹೊರಟಿದ್ದರು, ನಾನೇ ಬೇಡ ಅಂದೆ. ಆ ಹುಡುಗನ ಜೋಡಿ ಕೋರ್ಟು ಹತ್ತುವ ಆಸೆ ನನಗಿಲ್ಲ.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಸಾಕ್ಷಿ ಮಾತ್ರ ಇಬ್ಬರು ಬೇಕೇಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆವು. ಲಾಭವಾಗುವವರೇ ಮುಂದೆ ನಿಂತು ಬರೆಸಿದರೆ ಕೋರ್ಟು ಅನುಮಾನ ಪಡುತ್ತದೆಂದು ಅವತ್ತು ನನ್ನನ್ನು ಹೊರಗೆ ಕೂಡಿಸಿದ್ದರು. ಬೇವಿನ ಗಿಡದ ಕೆಳಗೆ ಎರಡು ಕಪ್ ಚಹಾ ಕುಡಿದೆ.

ಆಸ್ಪತ್ರೆಯ ಪ್ರಶ್ನೆಗೆ ಉತ್ತರ ಬೇರೆ ಕಾಗದದಲ್ಲಿತ್ತು. ಮುಂದೆ ಎಚ್ಚರ ತಪ್ಪಿದರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡುವ ವೈದ್ಯಕೀಯ ಮುಂಗಡ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿತ್ತು. 2023ರಿಂದ ಮ್ಯಾಜಿಸ್ಟ್ರೇಟರ ಸಹಿ ಬೇಡ. ಇಬ್ಬರು ಸಾಕ್ಷಿಗಳು, ನೋಟರಿ ಸಾಕು. ಎಚ್ಚರ ತಪ್ಪಿ ಬದುಕುವ ಭರವಸೆ ಇಲ್ಲದಾಗ ಯಾರು ತೀರ್ಮಾನ ಹೇಳಬೇಕು ಎಂಬಲ್ಲಿ ನನ್ನ ಹೆಸರು, ಮಗನ ಹೆಸರು ಎರಡೂ ಇವೆ.

ಏಳುವಾಗ ವಕೀಲರು ನನ್ನ ಕಡೆ ತಿರುಗಿದರು. ಮಕ್ಕಳಿಲ್ಲದ ನಾನು ಏನೂ ಬರೆಯದೆ ಸತ್ತರೆ, ಹೊಲಿಗೆ ಮಾಡಿ ಕೂಡಿಸಿದ ರೊಕ್ಕ ತವರಿಗೂ ಹೋಗದು, ಮಾಸ್ತರಿಗೂ ಬಾರದು. ತೀರಿದ ಗಂಡನ ಕಡೆಯವರಿಗೆ ಹೋಗುತ್ತದಂತೆ. ಬರುವ ಸೋಮವಾರ ನನ್ನ ಪಾಳಿ. ಅವತ್ತು ಬೇವಿನ ಗಿಡದ ಕೆಳಗೆ ಮಾಸ್ತರು ಕೂಡಬೇಕು.