ಹತ್ತಿ ಗೋದಾಮಿಗೆ ಜೀವ ಬಂದ ಕಥೆ

"ಕೆಡವಿ ಕಾಂಪ್ಲೆಕ್ಸ್ ಕಟ್ಸಪ್ಪಾ." ದಾವಣಗೆರೆಯಲ್ಲಿ ನನಗೆ ಈ ಮಾತು ಹೇಳದವರು ಕಡಿಮೆ.

ತಾತನ ಕಾಲದ ಗೋದಾಮು ಅದು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದಾಗ ಸೂರಿನ ತನಕ ಹತ್ತಿ ಇರುತ್ತಿತ್ತು. ಮಿಲ್ಲುಗಳು ಮುಚ್ಚಿದ ಮೇಲೆ ಬಾವಲಿ, ಇಸ್ಪೀಟು. ಕಾಂಪ್ಲೆಕ್ಸಿಗೆ ಕೇಳಿದ ರೇಟು 1 ಕೋಟಿ 80 ಲಕ್ಷ. ನಾನು ಮುಗಿಸಿದ್ದು ಹೆಚ್ಚುಕಮ್ಮಿ 22 ಲಕ್ಷದಲ್ಲಿ. ಅದರಲ್ಲಿ ಐದಾರು ಲಕ್ಷ ನನ್ನ ದಡ್ಡತನಕ್ಕೇ ಹೋಯಿತು.

ಮೊದಲು ಗೋಡೆಗೆ ಸಿಮೆಂಟ್ ಬಳಿಸಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ, ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇಲ್ಲ. ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಎಲ್ಲ ಕೆತ್ತಿಸಿ ಸುಣ್ಣಕ್ಕೆ ಮರಳಿದೆ. ಆಗ ಒಂದು ಹುಚ್ಚು ಹತ್ತಿತು. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಬರವೇ? ಅಲ್ಲಿನ ಹೊಟ್ಟಿನ ಬೂದಿ ತಂದು ಸುಣ್ಣಕ್ಕೆ ಬೆರೆಸಿದೆ. ಕಪ್ಪು ಬೂದಿ ದಂಡ, ಅದರಲ್ಲಿ ಇದ್ದಿಲೇ ಜಾಸ್ತಿ. ಚೆನ್ನಾಗಿ ಸುಟ್ಟು ಬೂದು ಬಣ್ಣಕ್ಕೆ ತಿರುಗಿದ್ದು ಮಾತ್ರ ಗಟ್ಟಿ ಹಿಡಿಯಿತು. ಎರಡು ವಾರ ಒದ್ದೆ ಗೋಣಿ ಹೊದಿಸಿಟ್ಟೆ. ಎಷ್ಟಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ, ನಾಲ್ಕು ಗೋಡೆ ಹಾಳು ಮಾಡಿ ಕಲಿತದ್ದು.

ಆಮೇಲೆ ಒಂಬತ್ತು ಮಳಿಗೆ ಮಾಡಿದೆ. ಎಂಟು ತಿಂಗಳು ನರಪಿಳ್ಳೆ ಬರಲಿಲ್ಲ.

ಅದೇ ಹೊತ್ತಿಗೆ ತಂಗಿಯ ಮಗ ಲಂಡನ್ನಿಗೆ ಕರೆಸಿಕೊಂಡಿದ್ದ. ಕಂಟೇನರ್ ಹಡಗು ಬಂದ ಮೇಲೆ ಅಲ್ಲಿನ ಹಳೇ ಡಾಕ್‌ಗಳೂ, ಅಂದರೆ ಹಡಗುಕಟ್ಟೆಗಳೂ, ನಮ್ಮ ಮಿಲ್ಲುಗಳ ಹಾಗೆಯೇ ಪಾಳು ಬಿದ್ದವಂತೆ. ಅವನ್ನು ಎತ್ತಿ ನಿಲ್ಲಿಸಲೆಂದೇ ಸರ್ಕಾರ 1981ರಲ್ಲಿ ನಿಗಮ ಮಾಡಿತು. ಆ ಡಾಕ್‌ಗಳ ಜಾಗದಲ್ಲೇ ಇರುವ ಕ್ಯಾನರಿ ವಾರ್ಫಿನಲ್ಲಿ ಮುಗಿಲೆತ್ತರದ ಗೋಪುರ ಎದ್ದಿತು, ಕಟ್ಟಿಸಿದ ಕಂಪನಿ 1992ರಲ್ಲಿ ದಿವಾಳಿಯಾಯಿತು. ಜ್ಯೂಬಿಲಿ ಲೈನ್ ರೈಲು ಅಲ್ಲಿಗೆ ಮುಟ್ಟಿದ್ದು 1999ರಲ್ಲಿ. ಅಷ್ಟು ದುಡ್ಡಿದ್ದವರಿಗೂ ಸರಿಯಾದ ದಾರಿ ಇಲ್ಲದ್ದು ಒಂದು ಪೆಟ್ಟಾಯಿತು. ನನ್ನ ಗೋದಾಮಿಗೆ ಇದ್ದದ್ದು ಲಾರಿ ತಿರುಗುವ ಕತ್ತಲೆ ಸಂದಿ. ಸಂಜೆ ಆದರೆ ಹೆಣ್ಣುಮಕ್ಕಳು ಯಾಕೆ ಬರ್ತಾರೆ, ಅಲ್ವಾ?

ವಾಪಸ್ ಬಂದವನೇ ಹಿಂಗೋಡೆ ಒಡೆಸಿದೆ. ಪಕ್ಕದವರ ಖಾಲಿ ಜಾಗದಲ್ಲಿ ಹತ್ತಡಿ ದಾರಿ, ತಿಂಗಳಿಗೆ 6 ಸಾವಿರ ಬಾಡಿಗೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ದೀಪ, ಎರಡು ಶೌಚಾಲಯ, ಕೂರೋಕೆ ಕಟ್ಟೆ. ಮೊದಲ ಮಳಿಗೆ ಬೆಣ್ಣೆ ದೋಸೆಯವರಿಗೆ, ಆರು ತಿಂಗಳು ಸುಮ್ನೆ ಕೊಟ್ಟೆ. ಹಂಚಿನ ಮೇಲೆ ಬೆಣ್ಣೆ ಕರಗುವ ವಾಸನೆ ರಸ್ತೆಗೆ ಹೋಯಿತು ನೋಡಿ, ಜನ ಹಿಂದೆಯೇ ಬಂದರು. ನಂತರ ಟೈಲರ್, ಸೈಕಲ್ ರಿಪೇರಿ, ಒಂದು ಟ್ಯೂಷನ್. 4 ಸಾವಿರಕ್ಕೆ ಕೊಟ್ಟ ಮಳಿಗೆ ಈಗ 11 ಸಾವಿರ ತರುತ್ತಿದೆ.

ಒಂಬತ್ತರಲ್ಲಿ ಏಳು ತುಂಬಿವೆ. ಉಳಿದೆರಡು ಸೋರುತ್ತವೆ. ಹೊಸ ಹೆಂಚು ಹಳೆಯದಕ್ಕೆ ಕೂರಲ್ಲ. ಹಾಗಾಗಿ ಕೆಡವುವ ಮನೆಗಳ ಮಂಗಳೂರು ಹೆಂಚು ಹುಡುಕುತ್ತಿದ್ದೇನೆ. ಮಳೆ ಹಿಡಿಯುವುದರೊಳಗೆ ಇನ್ನೂ 600 ಬೇಕು.