ಜಿಲ್ಲಾವಾರು ಮ್ಯಾಪ್‌ಗೆ ಬಣ್ಣ ತುಂಬೋ ಮುಂಚೆ

2011ರ ಸೆನ್ಸಸ್ ಡೇಟಾ ತಗೊಂಡು ಕರ್ನಾಟಕದ ಜನಸಾಂದ್ರತೆ ಮ್ಯಾಪ್ ಮಾಡ್ತಿದೀರಾ? ಕ್ಯೂಜಿಐಎಸ್‌ (ಮ್ಯಾಪ್ ಮಾಡೋ ಸಾಫ್ಟ್‌ವೇರ್) ನಲ್ಲಿ ಈಕ್ವಲ್ ಇಂಟರ್ವಲ್ (ಅಂಕಿಗಳ ವ್ಯಾಪ್ತಿನ ಸಮ ಅಂತರಕ್ಕೆ ಕತ್ತರಿಸೋದು) ಒತ್ತಿ 5 ಕ್ಲಾಸ್, ಅಂದ್ರೆ 5 ಬಣ್ಣದ ಗುಂಪು, ಕೊಟ್ರೆ ಕೆಲ್ಸ ಕೆಟ್ಟಂಗೇ, ಯಾಕಂದ್ರೆ ಬೆಂಗಳೂರು ನಗರ ಜಿಲ್ಲೆಯೊಂದೇ ಚದರ ಕಿಮೀಗೆ 4,300 ಜನ ದಾಟಿದೆ, ಕೊಡಗು ಬರೀ 135, ಮಿಕ್ಕಿದ್ದೆಲ್ಲ 500ರ ಒಳಗೇ, ಹಂಗಾಗಿ 29 ಜಿಲ್ಲೆ ಒಂದೇ ಬಣ್ಣಕ್ಕೆ ಬಿದ್ದು ಮಧ್ಯದ ಮೂರು ಕ್ಲಾಸ್ ಖಾಲಿ ಹೊಡೀತವೆ. ಕ್ವಾಂಟೈಲ್ (ಪ್ರತಿ ಗುಂಪಿಗೂ ಹೆಚ್ಚುಕಮ್ಮಿ ಅಷ್ಟೇ ಜಿಲ್ಲೆ) ಇಲ್ಲಾ ಜೆಂಕ್ಸ್ (ಹತ್ತಿರದ ಅಂಕಿಗಳನ್ನ ಒಂದೇ ಗುಂಪಿಗೆ ಹಾಕೋದು) ಟ್ರೈ ಮಾಡಿ, ಹಿಸ್ಟೋಗ್ರಾಮ್ (ಯಾವ ಅಂಕಿಗೆ ಎಷ್ಟು ಜಿಲ್ಲೆ ಅಂತ ತೋರ್ಸೋ ಕಂಬದ ಚಿತ್ರ) ನೋಡ್ಕೊಂಡು ಬ್ರೇಕ್ಸ್, ಅಂದ್ರೆ ಗುಂಪು ಬದಲಾಗೋ ಅಂಕಿಗಳನ್ನ, ನೀವೇ ಟೈಪ್ ಮಾಡಿದ್ರೆ ಇನ್ನೂ ವಾಸಿ.

ಬಣ್ಣ ಒಂದೇ ಸಾಕು, ತೆಳುವಿಂದ ಗಾಢಕ್ಕೆ. ಲಿಂಗಾನುಪಾತದ (1000 ಗಂಡಸರಿಗೆ ಎಷ್ಟು ಹೆಂಗಸರು) ಥರ ನಡುವೆ 1000 ಅನ್ನೋ ಗೆರೆ ಇದ್ರೆ ಮಾತ್ರ ಎರಡು ಬಣ್ಣ (ಉಡುಪಿ ಗೆರೆಗಿಂತ ಮೇಲೆ, ಬೆಂಗಳೂರು ಕೆಳಗೆ). ಕೆಂಪು-ಹಸಿರು ಜೋಡಿ ಮಾತ್ರ ದಯವಿಟ್ಟು ಬೇಡ, ಬಣ್ಣಗುರುಡು ಇರೋರಲ್ಲಿ ತುಂಬಾ ಜನಕ್ಕೆ ಅವೆರಡೂ ಒಂದೇ ಥರ ಕಾಣುತ್ವೆ, ನೀಲಿ-ಕಿತ್ತಳೆ ಹಾಕಿ.